ಹಳದಿ ನಗು

ಹೆಡ್ಮಾಸ್ತರರ ಕೋಣೆಯಲ್ಲಿ ನಿಂತೇ ಸಹಿ ಹಾಕಿದೆ.
'ಫೋಟೊ ತೆಗೆದವನು ಇವನಲ್ಲ,
ಕೆಳಗೆ ಆ ಮಾತು ಬರೆದವನೂ ಅಲ್ಲ.
ಒಂದು ನಗು ಹಾಕಿದ್ದಾನೆ, ಅಷ್ಟೆ.'
ಅಷ್ಟೆ ಅನ್ನುವಾಗ ಅವರು ಕನ್ನಡಕ ತೆಗೆದು ಒರೆಸಿದರು.
ಹಳದಿ ಮುಖ, ಕಣ್ಣಲ್ಲಿ ನೀರು ಬರುವಷ್ಟು ನಗು.
ಅದರ ಮೇಲೆ, ಒಂಬತ್ತನೇ ಕ್ಲಾಸಿನ ಒಂದು ಹುಡುಗಿ,
ಬಸ್ಸಿನ ಕಿಟಕಿಗೆ ತಲೆಯಾನಿಸಿ
ಬಾಯಿ ತೆರೆದು ನಿದ್ದೆ ಹೋಗಿದ್ದಳು.
ಬರೆದ ಮಾತನ್ನು ನಾನು ಇಲ್ಲಿ ಹೇಳುವುದಿಲ್ಲ.

ನನ್ನಪ್ಪನಾಗಿದ್ದರೆ ಕಾಫಿ ಗಿಡದ ಕೋಲು.
ಮೂರು ಏಟು; ಅತ್ತರೆ ನಾಲ್ಕನೆಯದು.
ಆಮೇಲೆ ತಟ್ಟೆಗೆ ರೊಟ್ಟಿ.
ಯಾತಕ್ಕೆ ಬಿದ್ದ ಏಟು ಅನ್ನುವುದು
ಎಷ್ಟೋ ಸಲ ಇವತ್ತಿಗೂ ಗೊತ್ತಿಲ್ಲ ನನಗೆ.
ಆ ಕೋಲನ್ನು ಹುಡುಕಲು ಕೈ ಹೋಗಿತ್ತು, ಸುಳ್ಳು ಯಾಕೆ ಹೇಳಲಿ.

ಭಾನುವಾರ ಚೆಟ್ಟಳ್ಳಿಯ ತೋಟದಲ್ಲಿ ಕಾಳುಮೆಣಸು ಕೊಯ್ಲು.
ಒಂಟಿ ಬಿದಿರಿನ ಏಣಿಯ ಮೇಲೆ ಲಿಖಿತ್,
ಬುಡ ಹಿಡಿದು ನಾನು.
ಕೆಳಗಿನಿಂದ ಕಾಣುವುದು ಹಿಮ್ಮಡಿ ಮಾತ್ರ.
ಮುಖ ಕಾಣದ್ದು ಒಳ್ಳೆಯದೇ ಆಯಿತು,
ಹಿಮ್ಮಡಿಯ ಹತ್ತಿರ ಕೇಳಿದೆ:
'ಯಾಕೆ ಹಾಕಿದೆ ಮಗ?'
ಎರಡು ಗೊಂಚಲು ಚೀಲಕ್ಕೆ ಬಿದ್ದವು.
'ಹಾಕದಿದ್ರೆ ಗ್ರೂಪಿಂದ ತೆಗೀತಾರೆ.'
'ತೆಗೆದರೆ ತೆಗೀಲಿ.'
'ಬಸ್ಸಲ್ಲಿ ಮತ್ತೆ ಯಾರ ಹತ್ತಿರ ಕೂರೋದು?'
ನನ್ನಲ್ಲಿ ಉತ್ತರ ಇರಲಿಲ್ಲ.
ಮರದ ಮೇಲಿಂದ, ಅರ್ಧ ದಪ್ಪ ಅರ್ಧ ಸಣ್ಣ ದನಿಯಲ್ಲಿ,
'ಹೋದ ವರ್ಷ ನನ್ನ ಫೋಟೊ ಹಾಕಿದ್ರು.
ಓಟದಲ್ಲಿ ಬಿದ್ದು ಅತ್ತಿದ್ದೆನಲ್ಲ, ಅದು.
ಎಲ್ಲರೂ ನಗು ಹಾಕಿದ್ರು. ನಾನೂ ಹಾಕಿದೆ.'

ನನ್ನದೇ ಫೋಟೊಕ್ಕೆ ನಾನೇ ನಗು ಹಾಕಿದೆ ಅಂತ
ಒಂದು ಮಗು ಮೆಣಸು ಕೊಯ್ಯುತ್ತಾ ಹೇಳುತ್ತದೆ,
ಇವತ್ತು ಚಳಿ ಉಂಟು ಅನ್ನುವ ಹಾಗೆ.
ಹೋದ ವರ್ಷ ನಾನೆಲ್ಲಿದ್ದೆ?
ಅದೇ ಮನೆಯಲ್ಲಿ, ಜೀಪಿಗೆ ಹೊಸ ಟಾರ್ಪಾಲು ಕಟ್ಟುತ್ತಾ.
ಮಂಡಿಯ ಗಾಯಕ್ಕೆ ಔಷಧಿ ಹಚ್ಚಿ
ಗಂಡು ಹುಡುಗ, ಇಷ್ಟಕ್ಕೆಲ್ಲ ಅಳೋದಾ ಅಂದಿದ್ದೆ.

ಸಂಜೆ ಇಬ್ಬರೂ ಟೈಲರ್ ಓಮನಕ್ಕನ ಮನೆಗೆ ಹೋದೆವು.
ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.
'ಅವಳು ಹೊರಗೆ ಬರೋದಿಲ್ಲ.
ಏನಿದ್ದರೂ ಗೇಟಿಗೆ ಹೇಳಿ ಹೋಗಿ.'
ನಾನು ಬಾಯಿ ತೆರೆಯುವ ಮೊದಲೇ
ಅವನು ಗೇಟಿನ ಸರಳು ಹಿಡಿದು ಹೇಳಿದ.
ದನಿ ನಡುವೆ ಒಡೆಯಿತು, ಮತ್ತೆ ಮೊದಲಿಂದ ಹೇಳಿದ.
ಒಳಗೆ ಹೊಲಿಗೆ ಮಿಷನ್ನು ಓಡುತ್ತಿದ್ದದ್ದು ನಿಂತಿತು,
ಸ್ವಲ್ಪ ಹೊತ್ತಿಗೆ ಮತ್ತೆ ಓಡಿತು.
ಕ್ಷಮಿಸಿದ್ದಾಳೆ ಅಂತ ನಾನು ತಿಳಿದುಕೊಂಡಿಲ್ಲ.

ಬರುವಾಗ ತಿರುವಿನಲ್ಲಿ ಆನೆ.
ಇಂಜಿನ್ ನಿಲ್ಲಿಸಿದೆ, ಲೈಟ್ ಆರಿಸಿದೆ.
ಬಿದಿರು ಮುರಿಯುವ ಸದ್ದು,
ಒಂದು ದೊಡ್ಡದು, ಹಿಂದೆ ಮರಿ ಇದ್ದಿರಬೇಕು.
ಅವನ ಮೊಣಕೈ ನನ್ನದಕ್ಕೆ ತಾಗಿಕೊಂಡೇ ಇತ್ತು,
ಹದಿನಾಲ್ಕಾದ ಮೇಲೆ ಮೊದಲ ಸಲ.

ಆಗ ನನ್ನ ಅಂಗಿಯ ಜೇಬು ಬೆಳಗಿತು.
ಜೀಪ್ ಸ್ಟ್ಯಾಂಡಿನ ಗೆಳೆಯರ ಗ್ರೂಪು.
ಗಬಕ್ಕನೆ ಅಂಗೈ ಮುಚ್ಚಿದೆ.
ಬೆರಳ ಸಂದಿನಲ್ಲಿ ಬೆಳಕು ಸೋರಿತು.
ಯಾವುದೋ ಹೆಂಗಸಿನ ಚಿತ್ರವಿರುತ್ತದೆ,
ಸೀರೆ ಅಂಗಡಿಯಲ್ಲೋ ಬಸ್ ಸ್ಟಾಪಿನಲ್ಲೋ
ಅವಳಿಗೆ ತಿಳಿಯದ ಹಾಗೆ ತೆಗೆದದ್ದು.
ಕೆಳಗೆ ಸಾಲು ಸಾಲು ಹಳದಿ ಮುಖಗಳು.
ಅದರಲ್ಲಿ ನನ್ನದು ಎಷ್ಟು, ಲೆಕ್ಕ ಇಟ್ಟಿಲ್ಲ.

ಅವನು ಪಿಸುಗುಟ್ಟಿದ, 'ಅಪ್ಪ, ಅದರಲ್ಲಿ ಏನುಂಟು?'

ಆನೆ ಇನ್ನೂ ದಾಟಿರಲಿಲ್ಲ.
ಇಂಜಿನ್ ಹಾಕುವ ಹಾಗಿಲ್ಲ,
ಇಳಿದು ಹೋಗುವ ಹಾಗಿಲ್ಲ.
ಜೇಬಿನಿಂದ ಕೈ ತೆಗೆದೆ.